ನೆನಪಕ್ಕನೂ ಎಡಕ್ಕೆ ಬಂದ ನೀಲಿ ಶಾಲೂ

ಬೆಳಗಿನ ಐದೂ ಮುಕ್ಕಾಲು. ಹಳೆಯ ಗೋದಾಮಿನೊಳಗೆ ಹಲಗೆ ಹೊಡೆದು ಕಟ್ಟಿದ ಒಂದು ಅಡುಗೆಮನೆ. ಅದಕ್ಕೆ ಇರುವುದು ಮೂರೇ ಗೋಡೆ. ನಾಲ್ಕನೆಯದು ಇರಬೇಕಾದ ಕಡೆ ಕ್ಯಾಮೆರಾ ನಿಂತಿದೆ. ಮೇಜಿನ ಮೇಲೆ ಒಂದು ಲೋಟ ಹಾಲು, ಅರ್ಧ ಕಚ್ಚಿದ ಬ್ರೆಡ್ಡು, ಮಡಿಸಿಟ್ಟ ಪತ್ರಿಕೆ. ಬೂದು ಸ್ವೆಟರ್ ತೊಟ್ಟ ಐವತ್ತಮೂರರ ಹೆಂಗಸೊಬ್ಬರು ಮೇಜಿನ ಮಟ್ಟಕ್ಕೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಹಾಲನ್ನೇ ನೋಡುತ್ತಿದ್ದಾರೆ. ಕೈಲಿದ್ದ ಫೋಟೋ ನೋಡುತ್ತಾರೆ, ಮತ್ತೆ ಲೋಟ ನೋಡುತ್ತಾರೆ. ಆಮೇಲೆ ಲೋಟ ಎತ್ತಿ ಒಂದೇ ಒಂದು ಗುಟುಕು ಕುಡಿದು, ಅಂಚು ಒರೆಸಿ, ಇದ್ದಲ್ಲೇ ಇಡುತ್ತಾರೆ.

"ಈಗ ಸರಿಹೋಯ್ತು. ನಿನ್ನೆ ಎರಡು ಬೆರಳು ಕಮ್ಮಿ ಇತ್ತು" ಎಂದು ಯಾರಿಗೂ ಅಲ್ಲದೆ ಹೇಳಿಕೊಂಡು, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಪುಸ್ತಕದಲ್ಲಿ ಗುರುತು ಹಾಕುತ್ತಾರೆ. ನಂತರ ನನ್ನ ಕಡೆ ತಿರುಗಿ, ನಾನು ಬಾಗಿಲು ದಾಟಿ ಬರುವಾಗ ಎಡಗಾಲಿನ ಶೂ ಲೇಸು ಕಟ್ಟಿತ್ತು, ಈಗ ಬಿಚ್ಚಿದೆ, ಎಡವೀರಿ ಎನ್ನುತ್ತಾರೆ. ಬಗ್ಗಿ ನೋಡಿದೆ. ನಿಜ.

ಇವರ ಕೆಲಸದ ಹೆಸರು ಕಂಟಿನ್ಯೂಟಿ. ಸಿನಿಮಾದ ಒಂದು ದೃಶ್ಯವನ್ನು ಒಂದೇ ಏಟಿಗೆ ತೆಗೆಯುವುದಿಲ್ಲವಷ್ಟೆ. ಇವತ್ತು ಅರ್ಧ, ನಾಳೆ ಅರ್ಧ, ಕೆಲವೊಮ್ಮೆ ತಿಂಗಳಾದ ಮೇಲೆ ಉಳಿದದ್ದು. ಇವತ್ತು ಹೀರೋ ಅಂಗಿಯ ಎರಡನೇ ಗುಂಡಿ ಬಿಚ್ಚಿದ್ದರೆ ತಿಂಗಳಾದ ಮೇಲೂ ಬಿಚ್ಚಿರಬೇಕು. ಗೋಡೆಯ ಗಡಿಯಾರ, ಗಾಯದ ರಕ್ತ, ಕೈಚೀಲ ಯಾವ ಭುಜದಲ್ಲಿ, ಕಣ್ಣೀರು ಎಷ್ಟು ಒಣಗಿತ್ತು, ಎಲ್ಲವನ್ನೂ ಒಬ್ಬರು ನೋಡಿ ಬರೆದುಕೊಂಡು ಮರುದಿನ ಹಾಗೇ ಕೂರಿಸಬೇಕು. ಆ ಒಬ್ಬರು ಇವರು. ಇಪ್ಪತ್ತೆಂಟು ವರ್ಷ, ಎಪ್ಪತ್ತೊಂದು ಸಿನಿಮಾ. ದಿನಕ್ಕೆ ನೂರಿಪ್ಪತ್ತರಿಂದ ನೂರೈವತ್ತು ಫೋಟೋ, ಸಿನಿಮಾ ಒಂದಕ್ಕೆ ಐದಾರು ದಪ್ಪ ಪುಸ್ತಕ. ಸೆಟ್ಟಿನಲ್ಲಿ ದೊಡ್ಡವರು ಚಿಕ್ಕವರೆಲ್ಲ ಕರೆಯುವುದು ನೆನಪಕ್ಕ ಎಂದೇ. ಸಂದರ್ಶನಕ್ಕೆ ಒಪ್ಪಿದ್ದೂ ಅದೇ ಕರಾರಿನ ಮೇಲೆ: ಹೆಸರು ಬೇಡ, ನೆನಪಕ್ಕ ಸಾಕು.

ಕ್ಯಾಮೆರಾ ಓಡುವ ಮುಂಚೆ ನಿರ್ದೇಶಕರು "ಕಂಟಿನ್ಯೂಟಿ?" ಎಂದು ಕೂಗುತ್ತಾರೆ. ನೆನಪಕ್ಕ ಪೆನ್ಸಿಲ್ ಮೇಲೆತ್ತಿದರೆ ಎಲ್ಲ ಸರಿ ಇದೆ ಎಂದರ್ಥ. ಎತ್ತದಿದ್ದರೆ ಎಂಥ ಸ್ಟಾರ್ ಆದರೂ ಕಾಯಬೇಕು. ಆ ಪೆನ್ಸಿಲ್ ಮೇಲೆದ್ದಿತೆಂದರೆ ಯಾರೂ ಎರಡನೇ ಸಲ ನೋಡುವುದಿಲ್ಲ.

ಕೆಲಸಕ್ಕೆ ಬಂದದ್ದು ಆಕಸ್ಮಿಕ. ಮೊದಲು ಒಂದು ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿದ್ದರು. ರಸೀತಿ ತರದೆ ಬಂದ ಗಿರಾಕಿಗೂ ಮುಖ ನೋಡಿಯೇ ಬಟ್ಟೆ ತೆಗೆದುಕೊಡುತ್ತಿದ್ದರಂತೆ. ಸಿನಿಮಾದ ಉಡುಪುಗಳನ್ನು ಅಲ್ಲಿಗೆ ತರುತ್ತಿದ್ದವರೊಬ್ಬರು ಇದನ್ನು ಕಂಡು, "ಈ ಕಣ್ಣು ಇಲ್ಲಿ ಕೊಳೆಯಬಾರದು ತಾಯಿ" ಎಂದು ಕರೆದುಕೊಂಡು ಹೋದರು. ಮೊದಲ ಎಂಟು ವರ್ಷ ಕೂರಲು ಕುರ್ಚಿ ಕೊಟ್ಟವರಿಲ್ಲ. ಹೊಟ್ಟೆಯಲ್ಲಿ ಮಗಳನ್ನಿಟ್ಟುಕೊಂಡು ಏಳು ತಿಂಗಳವರೆಗೆ ನಿಂತೇ ಬರೆದಿದ್ದಾರೆ. ಮನೆಯವರು ಶಾಲಾ ಬಸ್ಸಿನ ಡ್ರೈವರ್. ದೀಪದ ಬುಡದಲ್ಲೇ ಕತ್ತಲು ಎನ್ನುವುದಕ್ಕೆ ತಮ್ಮ ಮನೆಯೇ ಸಾಕ್ಷಿ ಎಂದು ಅವರು ಚುಡಾಯಿಸುತ್ತಾರೆ. ಸೆಟ್ಟಿನಲ್ಲಿ ಗುಂಡಿ ಎಣಿಸುವ ಮಹಾತಾಯಿ ಮನೆಯಲ್ಲಿ ಹಾಲು ಒಲೆಗಿಟ್ಟು ಮರೆಯುತ್ತಾಳಂತೆ, ಕನ್ನಡಕ ತಲೆಯ ಮೇಲಿಟ್ಟುಕೊಂಡು ಊರೆಲ್ಲ ಹುಡುಕುತ್ತಾಳಂತೆ. ನೆನಪಕ್ಕ ಇದನ್ನು ಅಲ್ಲಗಳೆಯುವುದಿಲ್ಲ. "ಮನೆಗೆ ಹೋದ್ಮೇಲೂ ಎಲ್ಲಾ ನೋಡ್ತಾ ಕೂತ್ರೆ ಸಂಸಾರ ಆಗುತ್ತಾ ಸಾರ್?" ಎನ್ನುತ್ತಾರೆ.

ಇನ್ನು ನನ್ನ ವಿಷಯ. ನಾನು ಇಲ್ಲಿಗೆ ಬಂದದ್ದು ಮೆಚ್ಚಿ ಬರೆಯಲಿಕ್ಕಲ್ಲ, ಕ್ಷಮೆ ಕೇಳಲಿಕ್ಕೆ.

ಮೂರು ವರ್ಷದ ಹಿಂದೆ ಒಂದು ಸೂಪರ್‌ಹೀರೋ ಸಿನಿಮಾ ಬಂತು. ಬೀದಿಗೊಂದು ಕಂಬ, ಕಂಬಕ್ಕೊಂದು ಕ್ಯಾಮೆರಾ ಇರುವ ನಗರ. ನಿಮ್ಮ ರಕ್ಷಣೆಗೇ ಇದೆಲ್ಲ ಎನ್ನುವ ಸರ್ಕಾರ. ಆ ಮಾತನ್ನು ನಂಬದ ಜನ. ಕ್ಯಾಮೆರಾ ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬನಿಗೆ ವಿಚಿತ್ರ ಶಕ್ತಿ ಬರುತ್ತದೆ: ಅವನು ಕೈಯಿಟ್ಟ ಕ್ಯಾಮೆರಾ ತಾನು ಕಂಡದ್ದನ್ನೆಲ್ಲ ಮರೆತುಬಿಡುತ್ತದೆ. ಕೊನೆಗೆ ಇಡೀ ಊರು ಅವನ ಹಾಗೆಯೇ ಹಣೆಯಿಂದ ಮೂಗಿನವರೆಗೆ ಕಪ್ಪು ಮುಸುಕು ಹಾಕಿಕೊಂಡು ಚೌಕಕ್ಕೆ ಬಂದು ನಿಲ್ಲುತ್ತದೆ, ಯಾರು ಯಾರೆಂದು ಯಾವ ಕ್ಯಾಮೆರಾಕ್ಕೂ ತಿಳಿಯುವುದಿಲ್ಲ. ಚಿತ್ರಮಂದಿರಗಳಲ್ಲಿ ಶಿಳ್ಳೆಯೋ ಶಿಳ್ಳೆ.

ಆ ಚೌಕದ ದೃಶ್ಯದಲ್ಲಿ ಒಂದು ತಪ್ಪಿತ್ತು. ಮುಂದಿನ ಸಾಲಿನ ನಟ್ಟನಡುವೆ ಊರುಗೋಲಿನ ಮುದುಕರೊಬ್ಬರಿದ್ದಾರೆ, ಅವರ ಬಲಕ್ಕೆ ನೀಲಿ ಶಾಲಿನ ಹೆಂಗಸು. ಕಣ್ಣು ಮಿಟುಕಿಸುವಷ್ಟರಲ್ಲಿ ಆಕೆ ಎಡಕ್ಕಿದ್ದಾಳೆ! ನಾನು ಅವತ್ತಿನ ಅಂಕಣದಲ್ಲಿ, ಹೀರೋಗೆ ಮಾತ್ರವಲ್ಲ, ನೀಲಿ ಶಾಲಿಗೂ ಮಾಯಾಶಕ್ತಿ ಇದ್ದಂತಿದೆ, ಕಂಟಿನ್ಯೂಟಿಯವರು ಆ ಹೊತ್ತಿಗೆ ನಿದ್ದೆ ಹೊಡೆಯುತ್ತಿದ್ದರೇನೋ ಎಂದು ಬರೆದೆ. ಬರೆದು ನಾನೇ ನಕ್ಕೆ. ಓದಿದವರೂ ನಕ್ಕರು, ಅದನ್ನೇ ಎತ್ತಿಕೊಂಡು ಊರೆಲ್ಲ ಆಡಿಕೊಂಡರು. ಆ ನಿರ್ಮಾಪಕರು ನೆನಪಕ್ಕನನ್ನು ಮತ್ತೆ ಕರೆಯಲಿಲ್ಲ, ಅವರನ್ನು ನೋಡಿ ಬೇರೆಯವರೂ ಬಿಟ್ಟರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಈಗ ಅವರಿಗೆ ಸಿಗುತ್ತಿರುವುದು ಧಾರಾವಾಹಿ, ಸೋಪಿನ ಜಾಹೀರಾತು.

ಕಳೆದ ತಿಂಗಳು ಆ ಸಿನಿಮಾವನ್ನು ಹೊಸದಾಗಿ ತಿದ್ದಿ ಮತ್ತೆ ಬಿಡುಗಡೆ ಮಾಡುತ್ತಾರೆಂಬ ಸುದ್ದಿ ಬಂತು. ನಾನು ಸುಮ್ಮನಿರಬೇಕೋ ಬೇಡವೋ, ಇನ್ನಾದರೂ ನೀಲಿ ಶಾಲು ತನ್ನ ಜಾಗ ಸೇರಲಿ ಎಂದು ಮತ್ತೊಂದು ಸಾಲು ಬರೆದೆ. ಮೂರನೇ ದಿನ ನಮ್ಮ ಕಚೇರಿಗೆ ಒಬ್ಬ ಹೆಂಗಸು ಬಂದರು. ಬ್ಯಾಗಿನಿಂದ ಅಂಗೈಯಗಲದ ಫೋಟೋ ತೆಗೆದು ನನ್ನ ಮುಂದಿಟ್ಟರು. ಅದೇ ನೀಲಿ ಶಾಲು, ಮುಖಕ್ಕೆ ಮುಸುಕಿಲ್ಲ. ಫೋಟೋದ ಹಿಂದೆ ಒಣಗಿದ ಅಂಟಿನ ಕಲೆ. "ಇದು ನಾನು. ಇದನ್ನ ಅಕ್ಕ ನನಗೆ ವಾಪಸ್ ಕೊಡದೇ ಇದ್ದಿದ್ರೆ ನನ್ನ ಕೆಲಸ ಅವತ್ತೇ ಹೋಗ್ತಿತ್ತು. ಫೋಟೋ ಇಲ್ದೆ ಇದ್ದಿದ್ದಕ್ಕೇ ಅವರಿಗೆ ತಪ್ಪಾಗಿದ್ದು. ನೀವು ನಕ್ರಿ" ಎಂದರು.

ಆಕೆ ಒಂದು ಸರ್ಕಾರಿ ಕಚೇರಿಯ ತಪಾಲು ವಿಭಾಗದಲ್ಲಿ ಕೆಲಸ ಮಾಡುತ್ತಾರೆ. ಹೇಳಿದ್ದಿಷ್ಟು. ಆ ಸಿನಿಮಾ ತೆಗೆಯುವುದಕ್ಕೆ ಒಂದು ವಾರ ಮುಂಚೆ, ಅದೇ ಚೌಕದಲ್ಲಿ, ನಿಜವಾದ ಕ್ಯಾಮೆರಾ ಕಂಬಗಳು ಬೇಡವೆಂದು ನಿಜವಾದ ಜನ ಸೇರಿದ್ದರು. ಮರುದಿನವೇ ಇಬ್ಬರನ್ನು ಮನೆಯಿಂದ ಕರೆದೊಯ್ದರು, ಹನ್ನೊಂದು ದಿನ ಬಿಡಲಿಲ್ಲ. ಉಳಿದವರು ಯಾರೆಂದು ಹುಡುಕಾಟ ನಡೆದೇ ಇತ್ತು. ನಿರ್ದೇಶಕರಿಗೆ ಇದೊಂದೂ ತಲೆಗೆ ಹೋಗಲಿಲ್ಲ. ನನಗೆ ನಟನೆ ಬೇಡ, ಸಿಟ್ಟು ಬೇಕು, ಅವತ್ತು ಚೌಕದಲ್ಲಿ ನಿಂತವರನ್ನೇ ಕರೆತನ್ನಿ ಎಂದು ಜನ ಒದಗಿಸುವ ಏಜೆಂಟನಿಗೆ ಹೇಳಿದರು. ಹೇಗೂ ಮುಸುಕಿರುತ್ತದಲ್ಲ ಎಂದು ಜನವೂ ಬಂದರು. ಮುಂದಿನ ಸಾಲಿನ ಅರವತ್ತೆರಡು ಜನ ಅವರೇ. ಏಜೆಂಟನ ಹತ್ತಿರ ತಲೆ ಲೆಕ್ಕ ಮಾತ್ರ ಇತ್ತು. ಹೆಸರು, ಮುಖ ಯಾವುದೂ ಇರಲಿಲ್ಲ.

ಮುಖ ಇದ್ದದ್ದು ನೆನಪಕ್ಕನ ಪುಸ್ತಕದಲ್ಲಿ ಮಾತ್ರ.

ಹತ್ತು ಗಂಟೆಯ ಟೀ ವಿರಾಮದಲ್ಲಿ ಆ ಪುಸ್ತಕವನ್ನು ಅವರೇ ತಂದು ತೋರಿಸುತ್ತಾರೆ. ಪುಟಕ್ಕೆ ನಾಲ್ಕು ಚೌಕ, ಚೌಕದ ಕೆಳಗೆ ನಂಬರು, ಗುಂಡುಗುಂಡಾದ ಅಕ್ಷರ: "೩೨. ನೀಲಿ ಶಾಲು. ಊರುಗೋಲಿನವರ ಬಲಕ್ಕೆ. ಎಡಗೈ ಗಡಿಯಾರ." ಚೌಕಗಳೆಲ್ಲ ಖಾಲಿ, ಕಂದು ಬಣ್ಣದ ಅಂಟು ಮಾತ್ರ ಉಳಿದಿದೆ. ಬೇರೆಯವರು ಟ್ಯಾಬಿನಲ್ಲಿ ಫೋಟೋ ತೆಗೆದರೆ ಇವರದು ಈಗಲೂ ತೆಗೆದ ಕೂಡಲೇ ಕಾಗದ ಹೊರಬೀಳುವ ಹಳೆಯ ಕ್ಯಾಮೆರಾ. ಬ್ಯಾಟರಿ ಸತ್ತರೆ ನೆನಪೂ ಸತ್ತ ಹಾಗೆ ಎಂಬುದು ಅವರ ವಾದ. ಹಾಗಾಗಿ ಪ್ರತಿ ಫೋಟೋಕ್ಕೂ ಒಂದೇ ಪ್ರತಿ. ಮುಸುಕು ಹಾಕುವ ಮುಂಚೆಯೇ ತೆಗೆಯುವುದು ಅವರ ರೂಢಿ, ಹಾಕಿದ ಮೇಲೆ ಎಲ್ಲರೂ ಒಂದೇ ಥರ, ನಾಳೆ ಯಾರನ್ನು ಎಲ್ಲಿ ನಿಲ್ಲಿಸುವುದು?

ಎರಡನೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಇಬ್ಬರು ಬಂದರಂತೆ. ಇಸ್ತ್ರಿ ಮಾಡಿದ ಅಂಗಿ, ಮಾತು ಬೆಣ್ಣೆ. ಭದ್ರತೆಯ ಕಡೆಯವರು. ಶೂಟಿಂಗಿನ ನಡುವೆ ಜನರ ಮುಸುಕು ಎಳೆದು ಗಲಾಟೆ ಮಾಡುವುದು ಅವರಿಗೆ ಬೇಡ, ಸದ್ದಿಲ್ಲದೆ ಮುಖಗಳು ಬೇಕು. ಮ್ಯಾನೇಜರ್ ಓಡಿಬಂದು, ಅಕ್ಕ, ಸಂಜೆ ಐದಕ್ಕೆ ನಿಮ್ಮ ಪುಸ್ತಕ ಅವರಿಗೆ ಕೊಡಬೇಕು, ಕೊಡದಿದ್ದರೆ ನಾಳೆ ಚೌಕದಲ್ಲಿ ಶೂಟಿಂಗಿಗೆ ಅನುಮತಿ ಇಲ್ಲ, ನಾನೂರು ಜನರ ಕೆಲಸ ನಿಲ್ಲುತ್ತದೆ ಎಂದ.

ನೆನಪಕ್ಕ ಸಭೆಗಳಿಗೆ ಹೋದವರಲ್ಲ, ಘೋಷಣೆ ಕೂಗಿದವರಲ್ಲ. ಕಂಬಕ್ಕೆ ಕ್ಯಾಮೆರಾ ಬಂದರೆ ಕಳ್ಳತನ ಕಡಿಮೆಯಾದೀತು ಎಂದು ಮನೆಯಲ್ಲಿ ಗಂಡ ಹೇಳಿದಾಗ ಹೂಂಗುಟ್ಟಿದವರು. ಆದರೆ ಅವತ್ತು ಪುಸ್ತಕ ತೆರೆದು ಒಂದೊಂದೇ ಪುಟ ನೋಡಿದರು.

"ಯಾವ ಪೊಲೀಸ್ನೋನೂ ಅಷ್ಟು ಚೆನ್ನಾಗಿ ಮಾಡಿರ್ತಿರ್ಲಿಲ್ಲ ಸಾರ್. ಮುಖ, ನಂಬರು, ಎತ್ತರ, ಗಡಿಯಾರ. ಅವರ ಕೆಲಸಾನ ನಾನೇ ಮುಗಿಸಿ ಇಟ್ಟಿದ್ದೆ" ಎನ್ನುತ್ತಾರೆ. ಟೀ ಲೋಟ ಕೆಳಗಿಟ್ಟು ಮುಂದುವರಿಸುತ್ತಾರೆ. "ನಾನೂ ಜನರನ್ನ ನೋಡಿ ಬರ್ಕೊಂಡೇ ಅನ್ನ ತಿಂದೋಳು. ಆದ್ರೆ ನಾನು ಅವರಿಗೆ ಹೇಳೇ ನೋಡೋದು. ನಾಳೆ ಅವರು ಅವರ ಜಾಗಕ್ಕೆ ವಾಪಸ್ ಬರ್ಲಿ ಅಂತ ನೋಡ್ತೀನಿ. ಇವರು ನೋಡೋದು ಅವರು ವಾಪಸ್ ಬರದೇ ಇರ್ಲಿ ಅಂತ."

ಊಟ ಬಿಟ್ಟು, ಉಡುಪಿನ ಡೇರೆಯ ಮೂಲೆಯಲ್ಲಿ ಕೂತು, ಉಕ್ಕಿನ ಸ್ಕೇಲಿನಿಂದ ಅರವತ್ತೆರಡು ಫೋಟೋ ಎಬ್ಬಿಸಿದರು. ನಾಲ್ಕೂವರೆಗೆ ಜನ ಮುಸುಕು ವಾಪಸ್ ಕೊಡಲು ಸಾಲಾಗಿ ಬಂದಾಗ, ಒಂದು ಕೈಯಲ್ಲಿ ಮುಸುಕು ಇಸಿದುಕೊಂಡು ಇನ್ನೊಂದು ಕೈಯಲ್ಲಿ ಫೋಟೋ ಕೊಟ್ಟರು. ಮನೆಗೆ ತಗೊಂಡು ಹೋಗಿ, ನಾಳೆ ತರಬೇಡಿ ಎಂದಷ್ಟೇ ಹೇಳಿದರು. ಬಹಳ ಮಂದಿ ಅದನ್ನು ನೆನಪಿನ ಕಾಣಿಕೆ ಎಂದುಕೊಂಡು ಖುಷಿಪಟ್ಟರಂತೆ. ನೀಲಿ ಶಾಲಿನಾಕೆ ಮಾತ್ರ ಫೋಟೋ ನೋಡಿದರು, ಡೇರೆಯಾಚೆ ನಿಂತಿದ್ದ ಇಸ್ತ್ರಿ ಅಂಗಿಗಳನ್ನು ನೋಡಿದರು, ನೆನಪಕ್ಕನ ಕೈಯನ್ನು ಒಮ್ಮೆ ಒತ್ತಿ ಹೊರಟುಹೋದರು.

ಐದಕ್ಕೆ ಪುಸ್ತಕ ಕೊಟ್ಟಾಯಿತು. ಬಿಸಿಲಿಗೆ ಅಂಟು ಬಿಟ್ಟಿತು, ಫೋಟೋಗಳು ಗಾಳಿಗೆ ಹೋದವು ಎಂದರು. ಇಬ್ಬರಲ್ಲಿ ಹಿರಿಯ ನಗಲಿಲ್ಲ, ಗದರಲೂ ಇಲ್ಲ. ಮ್ಯಾನೇಜರನ ವ್ಯಾನಿನಲ್ಲಿ ಕೂರಿಸಿಕೊಂಡು, ಟೀ ತರಿಸಿ, ಎರಡು ಗಂಟೆ ಮಾತಾಡಿಸಿದ.

"ನಿಮಗೆ ಇಪ್ಪತ್ತು ವರ್ಷದ ಹಿಂದಿನ ಗುಂಡಿನೂ ನೆನಪಿರುತ್ತಂತೆ. ನಿನ್ನೆಯ ಮುಖ ನೆನಪಿಲ್ವಾ ಅಮ್ಮ?"

"ನೆನಪು ಪುಸ್ತಕದ್ದು ಸಾರ್, ನಂದಲ್ಲ."

ಆತ ಪುಸ್ತಕ ಮಡಚಿ ಕಂಕುಳಿಗೆ ಇಟ್ಟುಕೊಂಡ. ನಾಳೆ ಬೆಳಿಗ್ಗೆ ತಾನೂ ಬರುವುದಾಗಿ, ಪುಸ್ತಕವಿಲ್ಲದೆ ಅವರು ಜನರನ್ನು ಎಷ್ಟು ಸರಿಯಾಗಿ ನಿಲ್ಲಿಸುತ್ತಾರೆಂದು ನೋಡುವುದಾಗಿ ಹೇಳಿದ. ಎಲ್ಲ ಸರಿಹೋದರೆ ಮತ್ತೆ ಕೂತು ಮಾತಾಡೋಣ, ಆಗ ನೀವು ಹೇಳಿದ ಮುಖಗಳ ಚಿತ್ರ ಬರೆಯುವವನನ್ನೂ ಕರೆತರುತ್ತೇನೆ ಎಂದ.

ಅವರು ಹೇಳುತ್ತಾ ಇಲ್ಲಿಗೆ ಬರುವ ಹೊತ್ತಿಗೆ ನನಗೆ ಕಥೆ ಮುಗಿದಂತೆಯೇ ಅನಿಸಿತ್ತು. ಫೋಟೋ ಹೋಯಿತು, ಪುಸ್ತಕವೂ ಹೋಯಿತು, ಅರವತ್ತೆರಡು ಮುಸುಕಿನ ಜನರನ್ನು ಬರಿಯ ತಲೆಯ ಬಲದಲ್ಲಿ ನಿಲ್ಲಿಸಬೇಕಾಯಿತು, ಒಂದು ತಪ್ಪಿತು. ಯಾರಿಗೆ ತಪ್ಪುವುದಿಲ್ಲ? ನಾನು ಕೈಮುಗಿದು, ಗೊತ್ತಿಲ್ಲದೆ ಬರೆದುಬಿಟ್ಟೆ ಅಕ್ಕ, ಕ್ಷಮಿಸಿ, ಅಂಥ ಹೊತ್ತಿನಲ್ಲಿ ಒಂದು ಮರೆತುಹೋಗುವುದು ದೊಡ್ಡದಲ್ಲ ಎಂದೆ.

ನೆನಪಕ್ಕ ನನ್ನನ್ನೇ ನೋಡಿದರು. ಅವರಿಗೆ ಸ್ವಲ್ಪ ಬೇಜಾರಾದಂತಿತ್ತು.

"ಯಾರು ಹೇಳಿದ್ದು ಮರೆತೆ ಅಂತ?"

ಅರವತ್ತೆರಡೂ ನೆನಪಿದ್ದವಂತೆ. ಈಗಲೂ ಇವೆಯಂತೆ. ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಯೋಚಿಸಿದರಂತೆ. ಎಲ್ಲರನ್ನೂ ತಪ್ಪಾಗಿ ನಿಲ್ಲಿಸಿದರೆ ಎರಡು ದಿನದ ಕೆಲಸ ಮಣ್ಣುಪಾಲು, ಸಿನಿಮಾವೇ ಕೆಡುತ್ತದೆ. ಎಲ್ಲರನ್ನೂ ಸರಿಯಾಗಿ ನಿಲ್ಲಿಸಿದರೆ ತಾನು ಹೇಳಿದ ಸುಳ್ಳು ಬಯಲಾಗುತ್ತದೆ. ಹಾಗಾದರೆ ಒಂದೇ ತಪ್ಪು ಮಾಡಬೇಕು, ಅದು ಆ ಮನುಷ್ಯನ ಕಣ್ಣಿಗೆ ಹೊಡೆಯುವಂತಿರಬೇಕು.

ಮರುದಿನ ಬೆಳಿಗ್ಗೆ ಡೇರೆಯಲ್ಲಿ ಮುಸುಕು ಹಂಚುವ ನೆಪದಲ್ಲಿ ಒಬ್ಬೊಬ್ಬರ ಕಿವಿಯಲ್ಲೂ ಅವರವರ ಜಾಗ ಉಸುರಿದರು. ಚೌಕಕ್ಕೆ ಬಂದ ಮೇಲೆ, ನನಗೇನೂ ಗೊತ್ತಿಲ್ಲಪ್ಪ, ನಿನ್ನೆ ಎಲ್ಲಿದ್ದಿರೋ ಅಲ್ಲೇ ನಿಂತುಕೊಳ್ಳಿ ಎಂದು ಎಲ್ಲರಿಗೂ ಕೇಳುವಂತೆ ಕೂಗಿ ಸುಮ್ಮನಾದರು. ಜನ ತಾವಾಗಿಯೇ ನಿಂತಂತೆ ಕಂಡಿತು. ಹಿರಿಯ ಅಧಿಕಾರಿ ಪುಸ್ತಕ ಬಿಚ್ಚಿಕೊಂಡು ಸಾಲಿನ ಉದ್ದಕ್ಕೂ ನಂಬರು ನೋಡುತ್ತಾ ನಡೆದ. "ನನ್ನ ಕೆಲಸ ಅವನೇ ಮಾಡ್ತಿದ್ದ, ಪಾಪ, ಚೆನ್ನಾಗೇ ಮಾಡ್ತಿದ್ದ" ಎಂದು ನೆನಪಕ್ಕ ನಗುತ್ತಾರೆ. ಅವನು ನಡುವಿಗೆ ಬರುವುದನ್ನೇ ಕಾದಿದ್ದು, ಮುಂದೆ ಹೋಗಿ, ನೀಲಿ ಶಾಲಿನಾಕೆಯ ತೋಳು ಹಿಡಿದು ಮುದುಕರ ಬಲದಿಂದ ಎಡಕ್ಕೆ ತಂದು ನಿಲ್ಲಿಸಿದರು. ಆಕೆ ಮುಸುಕಿನೊಳಗಿಂದ, ಅಕ್ಕ, ನಿನ್ನೆ ನಾನು ಆ ಕಡೆ ಇದ್ದೆ ಎಂದು ಪಿಸುಗುಟ್ಟಿದರೆ, "ಸುಮ್ನೆ ನಿಲ್ಲು ತಾಯಿ" ಎಂದು ಮೆಲ್ಲಗೆ ತೋಳು ಚಿವುಟಿದರು.

"ಕಂಟಿನ್ಯೂಟಿ?" ಎಂದು ನಿರ್ದೇಶಕರು ಕೂಗಿದರು.

ತಪ್ಪಿದೆ ಎಂದು ಗೊತ್ತಿದ್ದೂ, ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ, ನೆನಪಕ್ಕ ಪೆನ್ಸಿಲ್ ಎತ್ತಿದರು. ಅದು ಮೇಲೆದ್ದ ಮೇಲೆ ಎರಡನೇ ಸಲ ಯಾರು ನೋಡುತ್ತಾರೆ? ಕ್ಯಾಮೆರಾ ಓಡಿತು.

ದೃಶ್ಯ ಮುಗಿದ ಮೇಲೆ ಅಧಿಕಾರಿ ಹತ್ತಿರ ಬಂದು ಮೂವತ್ತೆರಡನೇ ನಂಬರಿನ ಮೇಲೆ ಬೆರಳಿಟ್ಟು ತೋರಿಸಿದ. ಬಲಕ್ಕೆ ಎಂದು ನೀವೇ ಬರೆದಿದ್ದೀರಿ, ಎಡಕ್ಕೆ ನಿಲ್ಲಿಸಿದಿರಿ. ನೆನಪಕ್ಕ ನಾಲಿಗೆ ಕಚ್ಚಿಕೊಂಡು, "ಹೌದಾ ಸಾರ್? ನನ್ನ ಮಾನ ಹೋಯ್ತು" ಎಂದರು. ಆತ ಪುಸ್ತಕ ಮಡಚಿದ. ಆಮೇಲೆ ಮೊದಲ ಸಲ ನಕ್ಕ.

"ನಿಮಗೆ ನಿಜವಾಗ್ಲೂ ವಯಸ್ಸಾಯ್ತು ಅಮ್ಮ" ಎಂದು ಹೇಳಿ, ಪುಸ್ತಕ ತೆಗೆದುಕೊಂಡು ಹೊರಟುಹೋದ. ಮತ್ತೆ ಬರಲಿಲ್ಲ. ಎಂಟು ತಿಂಗಳ ಮೇಲೆ ಪುಸ್ತಕ ಅಂಚೆಯಲ್ಲಿ ವಾಪಸ್ ಬಂತು.

ಕಂಬದ ಯೋಜನೆ ಕೈಬಿಟ್ಟು ಈಗ ವರ್ಷವಾಯಿತು. ಚೌಕದ ಕೇಸುಗಳೂ ಮುಚ್ಚಿವೆ. ಹಾಗಾಗಿಯೇ ನೀಲಿ ಶಾಲಿನಾಕೆ ನನ್ನ ಬಳಿ ಬಂದದ್ದು, ನೆನಪಕ್ಕ ಬಾಯಿ ಬಿಟ್ಟದ್ದು. ಈ ಮೂರು ವರ್ಷ ಗಂಡನಿಗೂ ಹೇಳಿರಲಿಲ್ಲವಂತೆ. ಹೇಳಿದ್ದರೆ ಬಸ್ಸಿನ ಮಕ್ಕಳಿಗೆಲ್ಲ ಹೇಳುತ್ತಿದ್ದರು ಎನ್ನುತ್ತಾರೆ. ಪುಸ್ತಕದ ಕೊನೆಯ ಪುಟ ತಿರುವಿದರೆ ನನ್ನ ಅಂಕಣದ ತುಣುಕು ಅಂಟಿಸಿದೆ, ನೀಟಾಗಿ ಕತ್ತರಿಸಿ, ತಾರೀಖು ಸಮೇತ. ನೆಲ ಬಿರಿದು ನನ್ನನ್ನು ನುಂಗಬಾರದೇ ಅನಿಸಿತು. ನೆನಪಕ್ಕ ಮಾತ್ರ ಅದರ ಅಂಚು ಎದ್ದಿದ್ದನ್ನು ಬೆರಳಿನಿಂದ ಒತ್ತಿ ಸರಿಮಾಡಿದರು. ಕೆಟ್ಟದಾಗಿ ಬರೆದಷ್ಟೂ ಆ ಮನುಷ್ಯ ನಂಬುತ್ತಾನೆ, ಹಾಗಾಗಿ ಓದಿ ಸಮಾಧಾನವೇ ಆಗಿತ್ತು ಎಂದರು. ಅತ್ತದ್ದು ಆಮೇಲೆ, ಕೆಲಸ ಬರುವುದು ನಿಂತಾಗ.

ನಾಲ್ಕು ದಿನದ ಹಿಂದೆ ಆ ನಿರ್ಮಾಪಕರ ಕಚೇರಿಯಿಂದ ಫೋನು ಬಂದಿದೆ. ಈಗ ಕಂಪ್ಯೂಟರಿನಲ್ಲಿ ಶಾಲನ್ನು ಎತ್ತಿ ಸರಿಯಾದ ಕಡೆ ಇಡಬಹುದಂತೆ. ನೀಲಿ ಶಾಲಿನವರು ಬಲಕ್ಕೋ ಎಡಕ್ಕೋ ನೀವು ಹೇಳಿದರೆ ಸಾಕು, ನಿಮ್ಮ ಮೇಲಿನ ಕಪ್ಪುಚುಕ್ಕೆ ಹೋಗುತ್ತದೆ, ಮುಂದಿನ ಸಿನಿಮಾಕ್ಕೂ ಕರೆಯುತ್ತೇವೆ ಎಂದಿದ್ದಾರೆ. ದೊಡ್ಡ ಸಿನಿಮಾ, ಒಂದು ವರ್ಷದ ಕೆಲಸ. ಮಗಳ ಓದಿನ್ನೂ ಎರಡು ವರ್ಷ ಇದೆ.

ನೀವು ಏನೆಂದಿರಿ ಎಂದು ಕೇಳಿದೆ. ಅಷ್ಟರಲ್ಲಿ ಒಳಗಿನಿಂದ "ಕಂಟಿನ್ಯೂಟಿ?" ಎಂಬ ಕೂಗು. ನೆನಪಕ್ಕ ಎದ್ದರು. ಮೂರು ಗೋಡೆಯ ಅಡುಗೆಮನೆಯನ್ನು ಒಂದು ಸುತ್ತು ನೋಡಿ, ಬ್ರೆಡ್ಡನ್ನು ಕೂದಲೆಳೆಯಷ್ಟು ತಿರುಗಿಸಿ, ಪೆನ್ಸಿಲ್ ಎತ್ತಿ, ಮತ್ತೆ ನನ್ನ ಪಕ್ಕ ಬಂದು ನಿಂತು ತಗ್ಗಿದ ದನಿಯಲ್ಲಿ ಹೇಳಿದರು:

"ಮರೆತುಹೋಗಿದೆ ಅಂದೆ. ಸರಿ ಮಾಡ್ಬೇಡಿ ಅಂತ ನೀವೂ ಬರೀರಿ ಸಾರ್. ಇಪ್ಪತ್ತೆಂಟು ವರ್ಷ ನಾನು ಸರಿಯಾಗಿ ಮಾಡಿದ್ದು ಯಾರಿಗೂ ಕಾಣ್ಲಿಲ್ಲ, ಕಾಣಬಾರ್ದು ಕೂಡ, ಅದೇ ನನ್ನ ಕೆಲಸ. ತೆರೆ ಮೇಲೆ ಇದು ನಂದು ಅಂತ ತೋರ್ಸೋಕೆ ಇರೋದು ಅದೊಂದೇ. ಅದು ಅಲ್ಲೇ ಇರ್ಲಿ."